ಕಿರುಮಾದರಿ ತೋಪುಗಳು: ಗುರುತಿಸುವ ಬಗೆ, ಮಾರ್ಪಡಿಸುವ ಬಗೆ

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ತೋಪುಗಳ ವಿಚಾರವೇಕೆ ಎಂದು ಓದುಗರಿಗೆ ಅನ್ನಿಸುವುದು ಸಹಜ. ಕಾರಣ ಹೀಗಿದೆ. ಈ ವರ್ಷ ನಮ್ಮ ಇತಿಹಾಸ ವಿಭಾಗದ ಸಹೋದ್ಯೋಗಿಗಳು 1803ರ ಅಸಾಯೆ ಯುದ್ಧವನ್ನು ದೊಡ್ಡದೊಂದು ಮೇಜಿನ ಮೇಲೆ ಕಿರುಮಾದರಿಗಳಲ್ಲಿ ಜೋಡಿಸಿ, ವಿದ್ಯಾರ್ಥಿಗಳಿಂದ ಆಡಿಸಬೇಕೆಂದು ಸಂಕಲ್ಪಿಸಿದ್ದಾರೆ. ವಿವರಣಾ ಫಲಕಗಳನ್ನು ಕನ್ನಡ ಮತ್ತು ಮರಾಠಿಗಳಲ್ಲಿ ಬರೆಯುವ ಹೊಣೆ ನಮ್ಮ ವಿಭಾಗದ ಪಾಲಿಗೆ ಬಂದಿದೆ. ವಿದ್ಯಾರ್ಥಿಯೊಬ್ಬನ ಸೋದರಮಾವ ಪರದೇಶದಿಂದ ತಂದುಕೊಟ್ಟ ಪೆಟ್ಟಿಗೆಯಲ್ಲಿ ಹನ್ನೆರಡು ಪುಟ್ಟ ತೋಪುಗಳಿದ್ದವು. ಪೆಟ್ಟಿಗೆಯ ಹೊದಿಕೆ ಹರಿದುಹೋಗಿತ್ತು. ಯಾವುದು ಯಾವ ದೇಶದ್ದು, ಯಾವ ಕಾಲದ್ದು ಎಂದು ಹೇಳುವ ಚೀಟಿ ಒಂದೂ ಇರಲಿಲ್ಲ. ಮೊದಲ ಗರಿಯೂ ಕೊನೆಯ ಗರಿಯೂ ಕಳೆದುಹೋದ ಓಲೆಯ ಕಟ್ಟೊಂದು ಕೈಗೆ ಬಂದಂತಾಯಿತು. ಅಂಥ ಕಟ್ಟಿನ ಕಾಲವನ್ನೂ ಊರನ್ನೂ ಅಕ್ಷರದ ಬಳುಕಿನಿಂದ, ಭಾಷೆಯ ರೂಪದಿಂದ ನಿರ್ಧರಿಸುವುದು ನಮಗೆ ಅಭ್ಯಾಸವಾದ ಕೆಲಸ. ತೋಪನ್ನೂ ಹಾಗೆಯೇ ಓದಬಹುದೆಂಬುದು ಈ ಲೇಖನದ ವಿಷಯ.

ಆಟದ ಹಿನ್ನೆಲೆ

ಮೇಜಿನ ಮೇಲೆ ಯುದ್ಧವನ್ನು ಆಡುವ ಕ್ರಮ ಮಕ್ಕಳ ಕೋಣೆಯಲ್ಲಿ ಹುಟ್ಟಿದ್ದಲ್ಲ. ಪ್ರಷ್ಯಾದ ರೈಸ್ವಿಟ್ಸ್ ಎಂಬ ಅಧಿಕಾರಿ 1812ರಲ್ಲಿ ತನ್ನ ದೊರೆಗೆ ಇಂತಹ ಆಟದ ಮೇಜೊಂದನ್ನು ಅರ್ಪಿಸಿದನು. ಅವನ ಮಗ 1824ರಲ್ಲಿ ನಕ್ಷೆಯ ಮೇಲೆ ಆಡುವಂತೆ ನಿಯಮಗಳನ್ನು ತಿದ್ದಿ ಪ್ರಕಟಿಸಿದ ಮೇಲೆ ಅದು ಸೇನಾಧಿಕಾರಿಗಳ ತರಬೇತಿಯ ಭಾಗವಾಯಿತು. ಸೀಸದ ಸಿಪಾಯಿಗಳನ್ನು ಇಟ್ಟು ಆಡುವ ಹವ್ಯಾಸಕ್ಕೆ ಜನಪ್ರಿಯ ರೂಪ ಕೊಟ್ಟವರು ವಿಜ್ಞಾನಕಥೆಗಳಿಂದ ಹೆಸರಾದ ಎಚ್. ಜಿ. ವೆಲ್ಸ್. 1913ರಲ್ಲಿ ಅವರು ಪ್ರಕಟಿಸಿದ 'ಲಿಟಲ್ ವಾರ್ಸ್' ಎಂಬ ಪುಸ್ತಕದ ಆಟವು, ಕಡ್ಡಿಯಂತಹ ಗುಂಡನ್ನು ನಿಜವಾಗಿಯೂ ಹಾರಿಸುವ ಆಟಿಕೆ ತೋಪನ್ನು ನಂಬಿ ನಿಂತಿತ್ತು. ಇಂದಿನ ಆಟಗಳಲ್ಲಿ ತೋಪು ಗುಂಡು ಹಾರಿಸುವುದಿಲ್ಲ. ದೂರವನ್ನು ಅಳೆಯುವ ಪಟ್ಟಿ ಮತ್ತು ದಾಳಗಳು ಫಲವನ್ನು ತೀರ್ಮಾನಿಸುತ್ತವೆ. ತೋಪು ಎಷ್ಟು ಪೌಂಡಿನದು, ಯಾವ ಸೈನ್ಯದ್ದು ಎಂಬುದರ ಮೇಲೆ ಅದರ ವ್ಯಾಪ್ತಿಯೂ ಬಲವೂ ನಿಗದಿಯಾಗುವುದರಿಂದ, ಮಾದರಿಯನ್ನು ಸರಿಯಾಗಿ ಗುರುತಿಸದೆ ಆಟ ಮುಂದುವರಿಯುವುದೇ ಇಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಆಟದ ನೆಲದ ಅಳತೆಯೂ ಮಾದರಿಯ ಅಳತೆಯೂ ಒಂದೇ ಅಲ್ಲ. 1:72ರ ಅಳತೆಯ ತೋಪಿಗೆ ನೆಲವನ್ನೂ ಅದೇ ಅಳತೆಯಲ್ಲಿ ಹಾಸಿದರೆ, 800 ಮೀಟರ್ ದೂರದ ಗುರಿಗೆ 11 ಮೀಟರ್ ಉದ್ದದ ಕೋಣೆ ಬೇಕಾಗುತ್ತದೆ. ಆದ್ದರಿಂದ ನೆಲವನ್ನು ಇನ್ನಷ್ಟು ಕುಗ್ಗಿಸಿ, ಒಂದು ಮಾದರಿ ತೋಪು ಎರಡು ಅಥವಾ ಹೆಚ್ಚು ನಿಜವಾದ ತೋಪುಗಳಿಗೆ ಸಮವೆಂದು ಎಣಿಸುವುದು ರೂಢಿ. ಅಂದರೆ ಮೇಜಿನ ಮೇಲಿರುವುದು ಪ್ರತಿನಿಧಿ. ಹಲವರ ಪರವಾಗಿ ನಿಲ್ಲುವ ಪ್ರತಿನಿಧಿಯ ಚಹರೆ ಸರಿಯಾಗಿರಬೇಕೆಂಬ ಕಾಳಜಿ ಅಲ್ಲಿಂದಲೇ ಹುಟ್ಟುತ್ತದೆ.

ಮೊದಲು ಅಳತೆ

ಹವ್ಯಾಸಿಗಳು ಅಳತೆಯನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ಒಂದು, 1:72 ಎಂಬಂತೆ ಅನುಪಾತ. ಇನ್ನೊಂದು, 15 ಮಿ.ಮೀ., 28 ಮಿ.ಮೀ. ಎಂಬಂತೆ ಸಿಪಾಯಿ ಬೊಂಬೆಯ ಎತ್ತರ. ಸ್ಥೂಲವಾಗಿ 28 ಮಿ.ಮೀ. ಎಂದರೆ 1:56, 15 ಮಿ.ಮೀ. ಎಂದರೆ 1:100 ಎಂದು ತಿಳಿಯಬಹುದು. ಎತ್ತರವನ್ನು ಅಂಗಾಲಿನಿಂದ ಕಣ್ಣಿನವರೆಗೆ ಅಳೆಯುವವರೂ ಉಂಟು, ನೆತ್ತಿಯವರೆಗೆ ಅಳೆಯುವವರೂ ಉಂಟು. ಆದ್ದರಿಂದ ಬೊಂಬೆಯನ್ನು ನಂಬುವುದಕ್ಕಿಂತ ಗಾಲಿಯನ್ನು ನಂಬುವುದು ಲೇಸು.

ಹತ್ತೊಂಬತ್ತನೆಯ ಶತಮಾನದ ಆರಂಭದ ಬ್ರಿಟಿಷ್ ಮೈದಾನ ತೋಪಿನ ಗಾಲಿಯ ವ್ಯಾಸ 5 ಅಡಿ, ಅಂದರೆ 152 ಸೆಂ.ಮೀ. ಅದು 1:72ರಲ್ಲಿ 21 ಮಿ.ಮೀ., 1:56ರಲ್ಲಿ 27 ಮಿ.ಮೀ., 1:100ರಲ್ಲಿ 15 ಮಿ.ಮೀ. ಆಗುತ್ತದೆ. ಭೌತಶಾಸ್ತ್ರ ಪ್ರಯೋಗಾಲಯದಿಂದ ವರ್ನಿಯರ್ ಕ್ಯಾಲಿಪರ್ ಒಂದನ್ನು ಕೇಳಿ ತಂದು ಗಾಲಿಯನ್ನು ಅಳೆದರೆ ಅರ್ಧ ಕೆಲಸ ಮುಗಿದಂತೆ. ಗಾಲಿಯ ಪಕ್ಕದಲ್ಲಿ ಆಳನ್ನು ನಿಲ್ಲಿಸಿ ನೋಡುವುದೂ ಒಂದು ಪರೀಕ್ಷೆಯೇ: 5 ಅಡಿಯ ಗಾಲಿ ಸಾಧಾರಣ ಆಳಿನ ಭುಜವನ್ನು ಮೀರಬೇಕು. ಬೊಂಬೆಯ ಕಾಲಡಿಯ ಪೀಠದ ದಪ್ಪವನ್ನು ಮಾತ್ರ ಲೆಕ್ಕದಿಂದ ಕಳೆಯಲು ಮರೆಯಬಾರದು.

ನಾಲ್ಕು ಸಾಕ್ಷಿಗಳು

ತೋಪನ್ನು ನೋಡಿದಾಗ ಕಣ್ಣು ಮೊದಲು ಹೋಗುವುದು ನಳಿಗೆಯತ್ತ. ಕಿರುಮಾದರಿಯಲ್ಲಿ ನಳಿಗೆಯ ಬಾಯಿ ಬಹಳ ಕಡಿಮೆ ಹೇಳುತ್ತದೆ. ಬ್ರಿಟಿಷರ 6 ಪೌಂಡಿನ ತೋಪಿನ ಬಾಯಿಯ ವ್ಯಾಸ ಸುಮಾರು 93 ಮಿ.ಮೀ.; 9 ಪೌಂಡಿನದು ಸುಮಾರು 107 ಮಿ.ಮೀ. 1:72ರಲ್ಲಿ ಇವು ಕ್ರಮವಾಗಿ 1.3 ಮತ್ತು 1.5 ಮಿ.ಮೀ. ಆಗುತ್ತವೆ. ಈ ಎರಡರ ನಡುವಿನ ಅಂತರವನ್ನು ಒಂದು ಬಳಿ ಬಣ್ಣ ಮುಚ್ಚಿಬಿಡುತ್ತದೆ. ಆದ್ದರಿಂದ ಸಾಕ್ಷಿಗಳನ್ನು ಈ ಕ್ರಮದಲ್ಲಿ ಕರೆಯಬೇಕು.

ಮೊದಲನೆಯ ಸಾಕ್ಷಿ ಗಾಡಿಯ ಬಾಲ. ನಳಿಗೆಯನ್ನು ಹೊತ್ತ ಮರದ ಗಾಡಿ ಹಿಂದಕ್ಕೆ ಚಾಚಿ ನೆಲಕ್ಕೆ ತಾಗುವ ಭಾಗವನ್ನು ಇಲ್ಲಿ ಬಾಲವೆಂದು ಕರೆಯುತ್ತೇನೆ. ಯುರೋಪಿನ ಬಹುತೇಕ ತೋಪುಗಳಲ್ಲಿ ಇದು ಎರಡು ದಪ್ಪ ಹಲಗೆಗಳ ಜೋಡಿ. ಹಲಗೆಗಳ ನಡುವೆ ಅಡ್ಡಪಟ್ಟಿಗಳಿದ್ದು, ಮೇಲಿನಿಂದ ನೋಡಿದರೆ ನಿಚ್ಚಣಿಕೆಯಂತೆ ಕಾಣುತ್ತದೆ. ಬ್ರಿಟಿಷರು 1790ರ ದಶಕದಿಂದ ಬಳಕೆಗೆ ತಂದ ಹೊಸ ಗಾಡಿಯಲ್ಲಾದರೋ ಬಾಲವು ಒಂದೇ ತೊಲೆ. ಗಾಡಿ ಹಗುರವಾಗಿ, ತಿರುಗಿಸಲು ಸುಲಭವಾಗಲೆಂದು ಮಾಡಿದ ಸುಧಾರಣೆ ಅದು. ಎರಡು ಹಲಗೆಯೋ ಒಂದು ತೊಲೆಯೋ ಎಂಬ ಒಂದೇ ಪ್ರಶ್ನೆ ನಮ್ಮ ಪೆಟ್ಟಿಗೆಯ ಹನ್ನೆರಡು ತೋಪುಗಳನ್ನು ಎರಡು ಗುಂಪಾಗಿ ಬೇರ್ಪಡಿಸಿತು.

ಎರಡನೆಯ ಸಾಕ್ಷಿ ನಳಿಗೆಯ ಉದ್ದ. ಫ್ರಾನ್ಸಿನ ಗ್ರಿಬೋವಾಲ್ (1715–1789) ಎಂಬ ಸೇನಾಧಿಕಾರಿ 1765ರಲ್ಲಿ ರೂಪಿಸಿದ ವ್ಯವಸ್ಥೆಯಲ್ಲಿ 4, 8 ಮತ್ತು 12 ಪೌಂಡಿನ ಮೈದಾನ ತೋಪುಗಳಿದ್ದವು. ನಳಿಗೆಯ ಉದ್ದ ಗುಂಡಿನ ವ್ಯಾಸದ 18 ಪಟ್ಟು, ತೂಕ ಗುಂಡಿನ ತೂಕದ 150 ಪಟ್ಟು ಎಂಬುದು ಆ ವ್ಯವಸ್ಥೆಯ ಸೂತ್ರ. ಈ ಸೂತ್ರದಿಂದ ಲೆಕ್ಕ ಹಾಕಿದರೆ 4 ಪೌಂಡಿನ ನಳಿಗೆ ಸುಮಾರು 1.5 ಮೀಟರ್, 8 ಪೌಂಡಿನದು 1.9 ಮೀಟರ್, 12 ಪೌಂಡಿನದು 2.2 ಮೀಟರ್ ಬರುತ್ತದೆ. 1:72ರಲ್ಲಿ ಕ್ರಮವಾಗಿ 21, 26 ಮತ್ತು 30 ಮಿ.ಮೀ. ಬಾಯಿಯಲ್ಲಿ ಅಡಗಿದ್ದ ಭೇದ ಉದ್ದದಲ್ಲಿ ಎದ್ದು ಕಾಣುತ್ತದೆ. ನಳಿಗೆ ಗಿಡ್ಡವಾಗಿ, ಬಾಯಿ ಅಗಲವಾಗಿದ್ದರೆ ಅದು ಹೊವಿಟ್ಸರ್; ಒಳಗೆ ಮದ್ದು ತುಂಬಿದ ಗುಂಡನ್ನು ಎತ್ತರಿಸಿ ಎಸೆಯುವ ಬಗೆ. ಅದನ್ನು ತೋಪುಗಳ ಲೆಕ್ಕದಲ್ಲಿ ಸೇರಿಸಬಾರದು.

ಮೂರನೆಯ ಸಾಕ್ಷಿ ನಳಿಗೆಯನ್ನು ಏರಿಸಿ ಇಳಿಸುವ ಸಾಧನ. ಹಳೆಯ ತೋಪುಗಳಲ್ಲಿ ನಳಿಗೆಯ ಹಿಂಭಾಗದ ಕೆಳಗೆ ಮರದ ಬೆಣೆಯಿರುತ್ತದೆ. ಬೆಣೆಯನ್ನು ಒಳಕ್ಕೆ ಬಡಿದರೆ ಬಾಯಿ ತಗ್ಗುತ್ತದೆ, ಹೊರಕ್ಕೆಳೆದರೆ ಏರುತ್ತದೆ. ಸುಧಾರಿತ ತೋಪುಗಳಲ್ಲಿ ಆ ಜಾಗದಲ್ಲಿ ತಿರುಪು ಬಂದಿತು. ಮಾದರಿಯಲ್ಲಿ ಇದು ಸಾಸಿವೆ ಕಾಳಿನಷ್ಟು ಪುಟ್ಟ ಭಾಗ. ಆದರೂ ಕಾಲನಿರ್ಣಯಕ್ಕೆ ಬಹಳ ಬೆಲೆಯುಳ್ಳದ್ದು.

ನಾಲ್ಕನೆಯ ಸಾಕ್ಷಿ ಮುಂಬಂಡಿ. ತೋಪನ್ನು ಸಾಗಿಸುವಾಗ ಬಾಲವನ್ನು ಎತ್ತಿ ಸಿಕ್ಕಿಸುವ ಎರಡು ಗಾಲಿಯ ಬಂಡಿಯಿದು. ಹವ್ಯಾಸಿಗಳು ಲಿಂಬರ್ ಎನ್ನುತ್ತಾರೆ. ಬ್ರಿಟಿಷರ ಮುಂಬಂಡಿಯಲ್ಲಿ ಗಾಲಿಗಳು ತೋಪಿನ ಗಾಲಿಯಷ್ಟೇ ದೊಡ್ಡವು. ಮೇಲೆ ಮದ್ದುಗುಂಡಿನ ಪೆಟ್ಟಿಗೆಗಳಿದ್ದು ಅವುಗಳ ಮೇಲೆ ಆಳುಗಳು ಕೂರುತ್ತಿದ್ದರು. ಗ್ರಿಬೋವಾಲ್ ಮುಂಬಂಡಿಯ ಗಾಲಿಗಳು ಚಿಕ್ಕವು. ಮದ್ದುಗುಂಡಿನ ಚಿಕ್ಕ ಪೆಟ್ಟಿಗೆ ತೋಪಿನ ಬಾಲದ ಎರಡು ಹಲಗೆಗಳ ನಡುವೆ ಕೂರುತ್ತಿತ್ತು. ಆಸ್ಟ್ರಿಯಾದ ಅಶ್ವದಳದ ತೋಪಿನಲ್ಲಿ ಬಾಲದ ಮೇಲೆಯೇ ಗೋಲಂದಾಜರು ಸಾಲಾಗಿ ಕೂರುವ ಉದ್ದನೆಯ ಆಸನವಿರುತ್ತದೆ. ಅದನ್ನು ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ.

ಬಣ್ಣವನ್ನು ಈ ಪಟ್ಟಿಯಲ್ಲಿ ಸೇರಿಸದಿರುವುದು ಉದ್ದೇಶಪೂರ್ವಕ. ಆ ಕಾಲದ ಗಾಡಿಗಳಿಗೆ ಫ್ರೆಂಚರು ಆಲಿವ್ ಹಸಿರು, ಬ್ರಿಟಿಷರು ಬೂದು, ಆಸ್ಟ್ರಿಯದವರು ಕಾವಿಹಳದಿ, ಪ್ರಷ್ಯದವರು ನೀಲಿ, ರಷ್ಯದವರು ಹಸಿರು ಬಳಿಯುತ್ತಿದ್ದರು ಎಂಬುದು ನಿಜ. ಆದರೆ ಮಾದರಿಯ ಬಣ್ಣವನ್ನು ಬಳಿದವನು ಅದರ ಹಿಂದಿನ ಒಡೆಯ. ಅದು ಲಿಪಿಕಾರನ ಕೈತಪ್ಪಿನಂತೆ. ಮೂಲದ ಪಾಠವೆಂದು ಅದನ್ನು ನಂಬಬಾರದು.

ಊರಿಗೊಂದು ಸೇರು

ತಯಾರಕರ ಪಟ್ಟಿಗಳಲ್ಲಿ '8 ಪೌಂಡಿನ ತೋಪು', '9 ಪೌಂಡಿನ ತೋಪು' ಎಂದಿರುವುದನ್ನು ಕಂಡು ಅವು ಅನುಕ್ರಮವಾಗಿ ಒಂದಕ್ಕಿಂತ ಒಂದು ದೊಡ್ಡವೆಂದು ಭಾವಿಸುವುದುಂಟು. ಹಿಂದೆ ನಮ್ಮಲ್ಲಿ ಊರಿಗೊಂದು ಸೇರು, ಪೇಟೆಗೊಂದು ಮಣ ಇದ್ದಂತೆ ಅಲ್ಲಿ ದೇಶಕ್ಕೊಂದು ಪೌಂಡು ಇತ್ತು. ಫ್ರೆಂಚರ ಹಳೆಯ ಪೌಂಡು 489.5 ಗ್ರಾಂ, ಇಂಗ್ಲಿಷರದು 453.6 ಗ್ರಾಂ. ಹೀಗಾಗಿ ಫ್ರೆಂಚರ 8 ಪೌಂಡಿನ ಗುಂಡು ಇಂಗ್ಲಿಷ್ ಲೆಕ್ಕದಲ್ಲಿ 8.6 ಪೌಂಡು ತೂಗುತ್ತದೆ. ಅವರ 12 ಪೌಂಡಿನದು ಸುಮಾರು 13 ಪೌಂಡು. ಆಟದಲ್ಲಿ ಫ್ರೆಂಚ್ 8ನ್ನೂ ಬ್ರಿಟಿಷ್ 9ನ್ನೂ ಹೆಚ್ಚುಕಡಿಮೆ ಸಮಬಲದವೆಂದು ಪರಿಗಣಿಸುವುದಕ್ಕೆ ಇದೇ ಆಧಾರ. ನಳಿಗೆಯ ಮಟ್ಟಿಗೆ ಒಂದರ ಬದಲು ಇನ್ನೊಂದನ್ನು ಬಳಸಿದರೆ ಕಣ್ಣಿಗೆ ತಿಳಿಯದು. ಗಾಡಿಯ ಮಟ್ಟಿಗೆ ಆ ಬದಲಾವಣೆ ಸಲ್ಲದು.

ನನ್ನದೊಂದು ತಪ್ಪು

ಇಷ್ಟನ್ನೆಲ್ಲ ಬರೆಯುವವನು ಹಿಂದೆ ತಾನೇ ಎಡವಿದ್ದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ, ಒಂದು ಪ್ರದರ್ಶನಕ್ಕಾಗಿ ಇದೇ ಅಸಾಯೆಯ ರಣರಂಗವನ್ನು ಮಣ್ಣಿನಲ್ಲಿ ಮಾಡಿಸಿದ್ದೆ. ಬ್ರಿಟಿಷರ ಕಡೆಗೆ ಚಿತ್ರಪುಸ್ತಕ ನೋಡಿ ಅಚ್ಚುಕಟ್ಟಾದ ತೋಪುಗಳನ್ನು ಮಾಡಿಸಿದೆ. ದೌಲತರಾವ್ ಶಿಂದೆಯವರ ಕಡೆಗೆ ವಿಜಯಪುರದ ಮಲಿಕ್-ಎ-ಮೈದಾನ್ ತೋಪೇ ನನ್ನ ಮನಸ್ಸಿನಲ್ಲಿತ್ತು. ಶಾಲೆಯ ಪ್ರವಾಸದಲ್ಲಿ ಕಂಡಿದ್ದ ಆ ಸಿಂಹದ ಬಾಯಿ, ಅದರ ದವಡೆಯಲ್ಲಿ ಸಿಲುಕಿದ ಆನೆ, ಎಲ್ಲವನ್ನೂ ಅಚ್ಚೊತ್ತಿದಂತೆ ಮಾಡಿಸಿ ಗಾಲಿಗಳ ಮೇಲೆ ಕೂರಿಸಿದೆ. ನೋಡಿದವರೆಲ್ಲ ಹೊಗಳಿದರು. ಬಡಿಗತನದ ಮನೆಯಿಂದ ಬಂದ ಒಬ್ಬ ವಿದ್ಯಾರ್ಥಿ ಮಾತ್ರ ಬಹಳ ಹೊತ್ತು ಗಾಲಿಗಳನ್ನೇ ನೋಡುತ್ತ ನಿಂತು, "ಸರ್, ಇದನ್ನ ಎಳಿಯಾಕ ಎಷ್ಟ ಜೋಡಿ ಎತ್ತ ಬೇಕ್ರಿ?" ಎಂದು ಕೇಳಿದ.

ನನ್ನ ಬಳಿ ಉತ್ತರವಿರಲಿಲ್ಲ. ಮಲಿಕ್-ಎ-ಮೈದಾನ್ 1549ರಲ್ಲಿ ಅಹ್ಮದನಗರದಲ್ಲಿ ಎರಕವಾದ ತೋಪು. ಉದ್ದ ನಾಲ್ಕು ಮೀಟರಿಗೂ ಹೆಚ್ಚು, ಬಾಯಿಯ ವ್ಯಾಸ ಸುಮಾರು 70 ಸೆಂ.ಮೀ., ತೂಕ ಸುಮಾರು 55 ಟನ್ನು. ಅದು ಕೋಟೆಯ ಬುರುಜಿನ ಮೇಲೆ ಕೂರುವ ತೋಪೇ ಹೊರತು ಸೈನ್ಯದೊಡನೆ ಮೈದಾನಕ್ಕೆ ಓಡಾಡುವಂಥದ್ದಲ್ಲ. ಗ್ರಿಬೋವಾಲ್ ಸೂತ್ರದ 8 ಪೌಂಡಿನ ನಳಿಗೆಯ ತೂಕ 600 ಕಿಲೋಗ್ರಾಮಿನೊಳಗೆ. ಅಲ್ಲದೆ 1549ಕ್ಕೂ 1803ಕ್ಕೂ ನಡುವೆ ಎರಡೂವರೆ ಶತಮಾನಗಳಿವೆ. ಇಂಗ್ಲಿಷರಿಗೆ ಅವರ ಕಾಲದ ತೋಪನ್ನು ಕೊಟ್ಟು, ನಮ್ಮವರಿಗೆ ಅವರ ಮುತ್ತಾತಂದಿರ ಕಾಲದ ತೋಪನ್ನು ಕೊಟ್ಟಿದ್ದೆ. ನಮ್ಮವರು ಹಿಂದುಳಿದಿದ್ದರು, ಆದ್ದರಿಂದ ಸೋತರು ಎಂಬ ತೀರ್ಪನ್ನು ಯಾರೂ ಕೇಳದೆಯೇ ಮಣ್ಣಿನಲ್ಲಿ ಬರೆದಿಟ್ಟಿದ್ದೆ.

ಶಿಂದೆಯವರ ತೋಪು ಹೇಗಿತ್ತು

ವಾಸ್ತವ ಬೇರೆಯೇ ಆಗಿತ್ತು. ಮಹಾದಜಿ ಶಿಂದೆಯವರು ಸವಾಯ್ ಪ್ರದೇಶದ ದ ಬ್ವಾನ್ (1751–1830) ಎಂಬ ಸೇನಾನಿಯ ಮೂಲಕ ಯುರೋಪಿನ ಕ್ರಮದ ಪಡೆಗಳನ್ನು ಕಟ್ಟಿಸಿದರು. ಅವುಗಳಿಗೆ ಬೇಕಾದ ತೋಪುಗಳನ್ನು ಎರಕ ಹೊಯ್ಯುವ ಕಾರ್ಖಾನೆ ಆಗ್ರಾದಲ್ಲಿ ನಡೆಯಿತು. 1803ರ ಯುದ್ಧಗಳಲ್ಲಿ ಶಿಂದೆಯವರಿಂದ ವಶಪಡಿಸಿಕೊಂಡ ತೋಪುಗಳ ಗಾಡಿಗಳಲ್ಲಿ ಏರಿಳಿಸುವ ತಿರುಪುಗಳಿದ್ದುದನ್ನೂ, ಅವು ಫ್ರೆಂಚರ ಹೊಸ ಕ್ರಮವನ್ನು ಅನುಸರಿಸಿದ್ದುದನ್ನೂ ಬ್ರಿಟಿಷ್ ಅಧಿಕಾರಿಗಳೇ ದಾಖಲಿಸಿದ್ದಾರೆ.

1803ರ ಸೆಪ್ಟೆಂಬರ್ 23ರಂದು, ಇಂದಿನ ಜಾಲ್ನಾ ಜಿಲ್ಲೆಗೆ ಸೇರಿದ ಅಸಾಯೆ ಗ್ರಾಮದ ಬಳಿ, ಕೇಳನಾ ಮತ್ತು ಜುಆ ನದಿಗಳ ನಡುವಿನ ನೆಲದಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಈ ತೋಪುಗಳನ್ನು ಎದುರಿಸಿತು. ಗೆಲುವು ಅವನದಾಯಿತು; 98 ತೋಪುಗಳು ಅವನ ಕೈಸೇರಿದವು. ಆದರೆ ಅವನ ಕಡೆಯಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ 1,500ಕ್ಕೂ ಹೆಚ್ಚು. ಶಿಂದೆಯವರ ಗೋಲಂದಾಜರು ತೋಪುಗಳನ್ನು ಬಿಟ್ಟು ಕದಲಲಿಲ್ಲ. ಕೆಲವರು ಸತ್ತಂತೆ ಬಿದ್ದಿದ್ದು, ಬ್ರಿಟಿಷ್ ಸಾಲು ಮುಂದೆ ಹೋದ ಮೇಲೆ ಎದ್ದು, ಅದೇ ತೋಪುಗಳನ್ನು ತಿರುಗಿಸಿ ಹಿಂದಿನಿಂದ ಹೊಡೆದರು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನ ತೋಪುಗಳನ್ನು ಎದುರಿಸಲಿದ್ದ ಸೇನಾಪತಿಗೆ ಆ ಪರಿಯ ಪೆಟ್ಟು ಕೊಟ್ಟ ತೋಪುಗಳಿಗೆ ಸಿಂಹದ ಬಾಯಿ ಬೇಕಿರಲಿಲ್ಲ.

ಹಾಗಾದರೆ ಮಾದರಿ ಎಲ್ಲಿಂದ? ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದು ನೆಪೋಲಿಯನ್ ಕಾಲದ ಯುರೋಪಿನ ತೋಪು. ಮೇಲಿನ ನಾಲ್ಕು ಸಾಕ್ಷಿಗಳನ್ನು ನೆನೆದರೆ ಆಯ್ಕೆ ಸ್ಪಷ್ಟವಾಗುತ್ತದೆ. ಎರಡು ಹಲಗೆಯ ಬಾಲ, ತಿರುಪು, ಮಧ್ಯಮ ಉದ್ದದ ಕಂಚಿನ ನಳಿಗೆಯಿರುವ ಗ್ರಿಬೋವಾಲ್ ತೋಪೇ ಶಿಂದೆಯವರ ತೋಪಿಗೆ ತಕ್ಕ ತಳಹದಿ. ವೆಲ್ಲೆಸ್ಲಿಯ ಕಡೆಗೆ 6 ಮತ್ತು 12 ಪೌಂಡಿನವನ್ನು ಆರಿಸಬೇಕು. ಬ್ರಿಟಿಷ್ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಸಿಗುವ 9 ಪೌಂಡಿನದು ವಾಟರ್ಲೂ ಕಾಲದ ತೋಪು. ಅಸಾಯೆಯ ಮೇಜಿಗೆ ಅದು ಸಲ್ಲದು.

ಮಾರ್ಪಾಡಿನ ಕ್ರಮ

ಯಾವ ಮಾದರಿಗೇ ಆಗಲಿ ಕತ್ತರಿ ಹಾಕುವ ಮೊದಲು ಅದು ಈಗಲೂ ಮಾರಾಟಕ್ಕಿರುವ ಸಾಧಾರಣ ವಸ್ತುವೇ ಎಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಸೀಸದ ಆಟಿಕೆಗಳು ತಾವೇ ಇತಿಹಾಸದ ವಸ್ತುಗಳು. ಅವುಗಳನ್ನು ಕೆಡಿಸುವ ಹಕ್ಕು ನಮಗಿಲ್ಲ.

ಬಳಿಕ ವಸ್ತು ಯಾವುದೆಂದು ತಿಳಿಯಬೇಕು. 1:72ರ ತೋಪುಗಳು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವು. ಅದರಲ್ಲೂ ಎರಡು ಬಗೆ: ಗಟ್ಟಿ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುತ್ತದೆ; ಬಾಗುವ ಮೆದು ಪ್ಲಾಸ್ಟಿಕ್ಕಿಗೆ ಸರಿಯಾಗಿ ಹಿಡಿಯುವುದಿಲ್ಲ. ಮೆದುವಾದುದನ್ನು ಜೋಡಿಸಬೇಕಾದರೆ ಎರಡು ಭಾಗಗಳಲ್ಲೂ ಸಣ್ಣ ರಂಧ್ರ ಕೊರೆದು, ತಂತಿಯ ತುಂಡನ್ನು ಗೂಟದಂತೆ ಸೇರಿಸಿ ಬಂಧಿಸಬೇಕು. ಲೋಹದ ಮಾದರಿಗಳಲ್ಲಿ ಸೀಸದ ಅಂಶವಿರಬಹುದಾದ್ದರಿಂದ ಉಜ್ಜುವಾಗ ಮೂಗಿಗೆ ಮುಸುಕು ಕಟ್ಟಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊಟಕ್ಕೆ ಮುನ್ನ ಕೈ ತೊಳೆಯುವುದು ಕಡ್ಡಾಯ.

ಅಕ್ಕಸಾಲಿಗರು ಬಳಸುವ ಸಣ್ಣ ಅರದಿಂದ (ನಮ್ಮ ಕಡೆ ಮರಾಠಿಯ ಬಳಕೆಯಂತೆ ಕಾನಸ ಎನ್ನುವುದುಂಟು) ನಳಿಗೆಯ ಮೇಲಿನ ಫ್ರೆಂಚ್ ಲಾಂಛನದ ಉಬ್ಬನ್ನು ಹಗುರವಾಗಿ ಉಜ್ಜಿ ತೆಗೆಯಬೇಕು. ಗೋಲಂದಾಜರ ತಲೆಯ ಮೇಲಿನ ಯುರೋಪಿನ ಟೊಪ್ಪಿಗೆಯನ್ನು ಹರಿತವಾದ ಅಲಗಿನಿಂದ ಕತ್ತರಿಸಿ, ಎಂ-ಸೀಲಿನ ಎಳೆಯನ್ನು ದಾರದಂತೆ ಹೊಸೆದು ಸುತ್ತಿದರೆ ಮುಂಡಾಸವಾಗುತ್ತದೆ. ಎಂ-ಸೀಲ್ ಗಟ್ಟಿಯಾಗುವ ಮೊದಲು ಒದ್ದೆ ಸೂಜಿಯಿಂದ ಮಡಿಕೆಗಳನ್ನು ಗೀರಬೇಕು. ಕಂಚಿನ ನಳಿಗೆಯೆಂದರೆ ಚಿನ್ನದ ಬಣ್ಣ ಬಳಿಯುವುದು ಹೊಸಬರ ಚಪಲ. ಮೊದಲು ಕಡುಕಂದು ಬಳಿದು, ಅದು ಒಣಗಿದ ಮೇಲೆ ಕುಂಚದಲ್ಲಿ ಉಳಿದ ಅತ್ಯಲ್ಪ ಹಿತ್ತಾಳೆ ಬಣ್ಣವನ್ನು ಉಬ್ಬುಗಳಿಗೆ ಮಾತ್ರ ಸವರಿದರೆ, ಬಿಸಿಲು ಮಳೆಗೆ ಸಿಕ್ಕ ಹಳೆಯ ಕೊಡದ ಕಾಂತಿ ಬರುತ್ತದೆ.

ಎತ್ತುಗಳ ಪ್ರಶ್ನೆ

ಆ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಬರಬಹುದು. ಯುರೋಪಿನ ಪೆಟ್ಟಿಗೆಯಲ್ಲಿ ಮುಂಬಂಡಿಗೆ ಕುದುರೆಗಳಿರುತ್ತವೆ. ದಖ್ಖನ್ನಿನಲ್ಲಿ ತೋಪುಗಳನ್ನು ಮುಖ್ಯವಾಗಿ ಎಳೆದದ್ದು ಎತ್ತುಗಳು. ಕುದುರೆಗಳನ್ನು ತೆಗೆದು, ಮುಂಬಂಡಿಗೆ ಉದ್ದನೆಯ ಮೂಕಿ ಜೋಡಿಸಿ, ಅದಕ್ಕೆ ನೊಗ ಕಟ್ಟುವುದು ಇಡೀ ಮಾರ್ಪಾಡಿನಲ್ಲಿ ಅತ್ಯಂತ ಮುಖ್ಯವಾದ ಹೆಜ್ಜೆ. ತೋಪಿನ ತೂಕಕ್ಕೆ ತಕ್ಕಂತೆ ಜೋಡಿಗಳ ಸಂಖ್ಯೆ ಬದಲಾಗುತ್ತಿತ್ತು. ಮೇಜಿನ ಮೇಲೆ ಎರಡೋ ಮೂರೋ ಜೋಡಿ ಕಟ್ಟಿದರೆ ಪ್ರತಿನಿಧಿತ್ವಕ್ಕೆ ಸಾಕು.

ಆಟಿಕೆ ಅಂಗಡಿಯ ಎತ್ತು ಯುರೋಪಿನ ತಳಿಯದು; ಅದಕ್ಕೆ ಹಿಣಿಲಿಲ್ಲ. ಎಂ-ಸೀಲಿನಿಂದ ಹೆಗಲ ಮೇಲೆ ಹಿಣಿಲನ್ನೂ ಕತ್ತಿನ ಕೆಳಗೆ ಗಂಗೆದೊಗಲನ್ನೂ ಸೇರಿಸಬೇಕು. ಕೊಂಬುಗಳನ್ನು ಕತ್ತರಿಸಿ, ತಂತಿಯ ಉದ್ದನೆಯ ಕೊಂಬುಗಳನ್ನು ನೆಡಬೇಕು. ನಾಲ್ಕಡಿ ಎತ್ತರದ ಎತ್ತು 1:72ರಲ್ಲಿ 17 ಮಿ.ಮೀ. ಬರುತ್ತದೆ.

ಕರ್ನಾಟಕದ ಕಥೆಯೊಂದು ಇಲ್ಲಿ ಸೇರಿಕೊಂಡಿದೆ. ಮೈಸೂರು ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಆರಂಭವಾದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ ಅಮೃತಮಹಲ್ ಎಂದು ಹೆಸರಿಟ್ಟ. ವೇಗಕ್ಕೂ ತಾಳಿಕೆಗೂ ಹೆಸರಾದ ಆ ಎತ್ತುಗಳು ಹೈದರ್ ಮತ್ತು ಟಿಪ್ಪುವಿನ ತೋಪುಗಳನ್ನು ಎಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಬ್ರಿಟಿಷರ ಕೈಸೇರಿದವು. ನಾಲ್ಕು ವರ್ಷಗಳ ನಂತರ ವೆಲ್ಲೆಸ್ಲಿಯ ದಖ್ಖನ್ ದಂಡಯಾತ್ರೆಗೆ ಹೆಗಲು ಕೊಟ್ಟವೂ ಅವೇ. ಅಸಾಯೆಯಲ್ಲಿ ಶಿಂದೆಯವರ ತೋಪುಗಳ ಮೊದಲ ಹೊಡೆತಕ್ಕೆ ಬ್ರಿಟಿಷ್ ತೋಪುಗಳ ಎತ್ತುಗಳೂ ಅವುಗಳನ್ನು ಹೊಡೆಯುವ ಆಳುಗಳೂ ಉರುಳಿದ್ದರಿಂದ ವೆಲ್ಲೆಸ್ಲಿ ತನ್ನ ತೋಪುಗಳನ್ನು ಹಿಂದೆಯೇ ಬಿಟ್ಟು ಮುನ್ನಡೆಯಬೇಕಾಯಿತು. ಯುದ್ಧದ ವರದಿಗಳಲ್ಲಿ ಆ ಎತ್ತುಗಳದು ಅರ್ಧ ವಾಕ್ಯದ ಬಾಳು. ಮೇಜಿನ ಮೇಲೆ ಅವು ಕಣ್ಣಿಗೆ ಕಾಣುವಂತೆ ನಿಲ್ಲಬೇಕೆಂಬುದು ನನ್ನ ಆಸೆ.

ಅಮೃತಮಹಲ್ ಎತ್ತಿಗೆ ಮಾದರಿ ಹುಡುಕಲು ನಮ್ಮ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಸೊಲ್ಲಾಪುರ, ಜತ್ತ, ಆಟಪಾಡಿಗಳ ಖಿಲಾರಿ ತಳಿಯು ಮೈಸೂರಿನ ಹಳ್ಳಿಕಾರ್–ಅಮೃತಮಹಲ್ ಬಳಗಕ್ಕೆ ಸೇರಿದ್ದೆಂಬುದು ತಳಿಯನ್ನು ಬಲ್ಲವರ ಅಭಿಪ್ರಾಯ. ನೆತ್ತಿಯಲ್ಲಿ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮೇಲಕ್ಕೇರಿ ಚೂಪಾಗುವ ಆ ಕೊಂಬುಗಳನ್ನು ತಮ್ಮ ಮನೆಯ ಗೋದಲೆಯ ಮುಂದೆ ನಿಂತು ನೋಡಬಲ್ಲವರು ನಮ್ಮ ತರಗತಿಯಲ್ಲೇ ಇದ್ದಾರೆ. ಬಣ್ಣಕ್ಕೆ ಬಿಳಿಯಿಂದ ಕಡುಬೂದಿಯವರೆಗಿನ ಛಾಯೆಗಳು ಸಲ್ಲುತ್ತವೆ.

ಫಲಕದ ಭಾಷೆ

ಎರಡು ಭಾಷೆಗಳಲ್ಲಿ ಓದಿದ ನನ್ನಂಥವನಿಗೆ ಫಲಕದ ಪದಗಳೇ ಒಂದು ಕಗ್ಗಂಟು. ಕನ್ನಡದ 'ತೋಪು', ಮರಾಠಿಯ 'ತೋಫ' ಎರಡೂ ತುರ್ಕಿ ಮೂಲದ ಒಂದೇ ಪದ. ಮಾವಿನ ತೋಪಿನ 'ತೋಪು' ಬೇರೆ. 'ಫಿರಂಗಿ' ಎಂದು ಕನ್ನಡದಲ್ಲಿ ಬರೆದರೆ ಓದುಗನ ಕಣ್ಮುಂದೆ ತೋಪು ಬರುತ್ತದೆ; ಮರಾಠಿಯಲ್ಲಿ 'ಫಿರಂಗ' ಎಂದರೆ ನೇರ ಅಲಗಿನ ಕತ್ತಿ. ಆದುದರಿಂದ ಎರಡೂ ಫಲಕಗಳಲ್ಲಿ ತೋಪು, ತೋಫ ಎಂಬ ರೂಪಗಳನ್ನೇ ಬಳಸುವುದು ಕ್ಷೇಮ. ಬತ್ತಿ ಮುಟ್ಟಿಸುವ ಕಿಂಡಿಯನ್ನು ಮರಾಠಿಯವರು ತೋಪಿನ ಕಿವಿ ಎನ್ನುತ್ತಾರೆ. ಶತ್ರುವಿನ ಕೈಗೆ ಸಿಗುವ ತೋಪು ಕೆಲಸಕ್ಕೆ ಬಾರದಂತೆ ಆ ಕಿಂಡಿಗೆ ಮೊಳೆ ಹೊಡೆಯುವುದಕ್ಕೆ ಅಲ್ಲಿ ಕಿವಿಗೆ ಮೊಳೆ ಬಡಿಯುವುದೆಂದೇ ನುಡಿ. ಕನ್ನಡ ಫಲಕದಲ್ಲೂ 'ಕಿವಿ' ಎಂದೇ ಬರೆಯಲು ನಿಶ್ಚಯಿಸಿದ್ದೇವೆ.

ಪೀಠದ ಅಡಿಯ ಬರಹ

ಪ್ರಾಚೀನ ಕಾವ್ಯವನ್ನು ಸಂಪಾದಿಸುವಾಗ ಲುಪ್ತವಾದ ಅಕ್ಷರವನ್ನು ಸಂಪಾದಕನು ಊಹಿಸಿ ತುಂಬುವುದುಂಟು. ಆದರೆ ಅದನ್ನು ಕಂಸದೊಳಗಿಟ್ಟು, ಇದು ನನ್ನದು, ಕವಿಯದಲ್ಲ ಎಂದು ಓದುಗನಿಗೆ ತಿಳಿಸುತ್ತಾನೆ. ಕಂಸವಿಲ್ಲದ ತಿದ್ದುಪಡಿ ಎಷ್ಟೇ ಸೊಗಸಾಗಿದ್ದರೂ ಅದು ಕಳ್ಳಪಾಠ. ಮಾದರಿಗೂ ಇದೇ ಧರ್ಮ. ಪ್ರತಿಯೊಂದು ತೋಪಿನ ಪೀಠದ ಅಡಿಯಲ್ಲಿ ಮೂರು ಸಾಲು ಬರೆಯುವಂತೆ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಮೊದಲ ಸಾಲು, ಮಾದರಿ ಮೂಲತಃ ಏನಾಗಿತ್ತು. ಎರಡನೆಯದು, ದಾಖಲೆಯ ಆಧಾರದ ಮೇಲೆ ಏನನ್ನು ಬದಲಾಯಿಸಿದೆವು. ಮೂರನೆಯದು, ಯಾವುದನ್ನು ಊಹೆಯಿಂದ ಸೇರಿಸಿದೆವು. ಮುಂದೆ ಯಾರಾದರೂ ಹೆಚ್ಚು ಬಲ್ಲವರು ಬಂದು ಮೂರನೆಯ ಸಾಲನ್ನು ತಿದ್ದಿದರೆ ನಮ್ಮ ಶ್ರಮ ಸಾರ್ಥಕ.

ಮೊದಲ ತೋಪು ಈಗಾಗಲೇ ಸಿದ್ಧವಾಗಿದೆ. ಜತ್ತ ತಾಲೂಕಿನ ವಿದ್ಯಾರ್ಥಿನಿಯೊಬ್ಬಳು ಅದರ ಎತ್ತುಗಳನ್ನು ತಮ್ಮ ಮನೆಯ ಖಿಲಾರಿ ಜೋಡಿಯನ್ನು ನೋಡಿ ಮಾಡಿದ್ದಾಳೆ. ಬಲಗಡೆಯ ಎತ್ತಿನ ಒಂದು ಕೊಂಬು ಸ್ವಲ್ಪ ಸೊಟ್ಟಗಿದೆ. ತಿದ್ದಬೇಕೆ ಎಂದು ಕೇಳಿದಾಗ, ಮನೆಯ ಎತ್ತಿನ ಕೊಂಬೂ ಹಾಗೆಯೇ ಇದೆಯೆಂದಳು. ಪೀಠದ ಅಡಿಯ ಎರಡನೆಯ ಸಾಲಿನಲ್ಲಿ ಅದನ್ನೂ ಬರೆದಿಡಲು ಸೂಚಿಸಿದೆ.